‘ವೀಸಾ ಬೇಡ’ ಎಂದಷ್ಟೇ ಬರೆದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕೆರಿಬಿಯನ್ ದ್ವೀಪಗಳ ಪ್ರವಾಸ ಲೇಖನವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದೆವು. ವೀಸಾ ಬೇಡ, ದೀಪಾವಳಿ ರಜೆಯಲ್ಲಿ ಹೋಗಿಬರಬಹುದು, ಒಂದೇ ವಾರದಲ್ಲಿ ನಾಲ್ಕು ದ್ವೀಪ ಸುತ್ತಬಹುದು ಎಂದು ಲೇಖಕರು ಹುರಿದುಂಬಿಸಿದ್ದಾರೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಅಪಾಯದ ಸಲಹೆ. ಮೂರನೆಯದನ್ನು ಭೂಪಟ ಬಿಚ್ಚದೆ ಬರೆದಿದ್ದಾರೆ. ಜತೆಗೆ ಅಚ್ಚಾದ ಚಿತ್ರದಲ್ಲಿ ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಗುಡಿಸಲುಗಳ ಸಾಲಿದೆ, ಕೆಳಗೆ ‘ಬಾರ್ಬಡೋಸ್’ ಎಂದಿದೆ. ಅಂಥ ಸಾಲುಗುಡಿಸಲು ಮಾಲ್ಡೀವ್ಸ್‌ನಲ್ಲಿ ಮಾಮೂಲು. ಬಾರ್ಬಡೋಸ್‌ಗೆ ಹೋಗಿ ಅದನ್ನು ಹುಡುಕಿದರೆ ಹುಡುಕುತ್ತಲೇ ಇರಬೇಕಾಗುತ್ತದೆ. ಅದೇ ದ್ವೀಪವನ್ನು ಲೇಖಕರು ‘ಜ್ವಾಲಾಮುಖಿಯಿಂದ ಹುಟ್ಟಿದ ನೆಲ’ ಎಂದೂ ಕರೆದಿದ್ದಾರೆ. ಸುತ್ತಲಿನ ಸೇಂಟ್ ವಿನ್ಸೆಂಟ್, ಮಾಂಟ್ಸೆರಾಟ್, ಮಾರ್ಟಿನೀಕ್‌ಗಳಿಗೆ ಆ ಮಾತು ಸಲ್ಲುತ್ತದೆ. ಬಾರ್ಬಡೋಸ್‌ನ ಬಹುಭಾಗ ಹವಳದ ಸುಣ್ಣಕಲ್ಲು.

ನಾನು ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಆ ಶಾಲೆಗಳಲ್ಲಿ ಈಗ ಮಕ್ಕಳೇ ಇಲ್ಲವಾಗುತ್ತಿದ್ದಾರೆ, ಆ ಸಂಕಟ ಬೇರೆಯೇ ಪತ್ರಕ್ಕೆ ಇರಲಿ. ಈ ಲೇಖನಕ್ಕೆ ನಾನಿಷ್ಟು ಕೆರಳಲು ಕಾರಣ ಇನ್ನೊಂದಿದೆ. ಮುಂದಿನ ಬೇಸಿಗೆಗೆ ನಾವೇ ಅತ್ತ, ಟ್ರಿನಿಡಾಡ್ ಮತ್ತು ಬಾರ್ಬಡೋಸ್‌ಗೆ, ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಧಾರವಾಡದಿಂದ ಬರುವ ನನ್ನ ಅಕ್ಕ, ಮಗಳು, ಅಳಿಯ, ಮೊಮ್ಮಗ. ಊಟದ ಮೇಜಿನ ಮೇಲೆ ತಿಂಗಳುಗಳಿಂದ ಭೂಪಟ, ಪಾಸ್‌ಪೋರ್ಟ್, ಕ್ಯಾಲ್ಕುಲೇಟರ್ ಬಿದ್ದುಕೊಂಡಿವೆ. ಹಾಗಾಗಿ ನಿಮ್ಮ ಲೇಖಕರು ಹಾರಿಸಿಬಿಟ್ಟ ಸಂಗತಿಗಳು ನನಗೆ ಬಾಯಿಪಾಠವಾಗಿವೆ.

ವೀಸಾದ ಮಾತು ಮೊದಲು. ಬಾರ್ಬಡೋಸ್, ಟ್ರಿನಿಡಾಡ್ ಮತ್ತು ಟೊಬೇಗೊ, ಜಮೈಕಾ, ಗ್ರೆನಡಾ, ಡೊಮಿನಿಕಾ ಮುಂತಾದ ಕಡೆ ಪ್ರವಾಸಕ್ಕೆ ಹೋಗುವ ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕಿಲ್ಲ ಎಂಬುದು ಸರಿ. ಆದರೆ ಮುಂಬಯಿಯಿಂದ ಆ ದ್ವೀಪಗಳಲ್ಲಿ ಒಂದಕ್ಕೂ ನೇರ ವಿಮಾನವಿಲ್ಲ. ಲಂಡನ್, ನ್ಯೂಯಾರ್ಕ್, ಮಯಾಮಿ, ಟೊರಾಂಟೊದಂಥ ಕಡೆ ಇಳಿದು ಹತ್ತಬೇಕು. ತೊಡಕು ಇರುವುದೇ ಆ ನಡುದಾರಿಯಲ್ಲಿ. ಅಮೆರಿಕದಲ್ಲಿ ಎರಡು ಗಂಟೆ ವಿಮಾನ ಬದಲಿಸುವುದಕ್ಕೂ ಅವರ ವಲಸೆ ತಪಾಸಣೆಯನ್ನು ದಾಟಲೇಬೇಕು, ವೀಸಾ ಇಲ್ಲದೆ ಆಗುವುದಿಲ್ಲ. ಲಂಡನ್‌ನಲ್ಲಿ ವಿಮಾನ ನಿಲ್ದಾಣದ ಹೊರಗೆ ಕಾಲಿಡದಿದ್ದರೂ ನಮ್ಮ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ದೇಶಗಳ ಚಾಲ್ತಿ ವೀಸಾ ಇರುವವರಿಗೆ ಮಾತ್ರ ಕೆಲವು ವಿನಾಯಿತಿಗಳಿವೆ. ನಮ್ಮ ಅಳಿಯನಿಗೆ ಕಚೇರಿ ಕೆಲಸಕ್ಕೆಂದು ಮಾಡಿಸಿದ ಅಮೆರಿಕದ ವೀಸಾ ಇದೆ. ಅಕ್ಕನ ಪಾಸ್‌ಪೋರ್ಟಿನಲ್ಲಿ ನೇಪಾಳದ ಮುದ್ರೆಯೂ ಇಲ್ಲ. ಒಂದೇ ಮನೆಯವರಿಗೆ ಎರಡು ದಾರಿ ಹುಡುಕುವ ಗತಿ ಬಂದಿದ್ದರಿಂದ ಕೊನೆಗೆ ಎಲ್ಲರೂ ಲಂಡನ್ ದಾರಿ ಹಿಡಿಯುವುದು, ಬೇಕಾದವರೆಲ್ಲ ಟ್ರಾನ್ಸಿಟ್ ವೀಸಾ ಮಾಡಿಸುವುದು ಎಂದು ತೀರ್ಮಾನಿಸಿದೆವು.

ಇದರಲ್ಲಿ ಇನ್ನೊಂದು ಸುಳಿ ಇದೆ. ಮುಂಬಯಿ ವಿಮಾನ ಇಳಿಯುವುದು ಹೀಥ್ರೂದಲ್ಲಿ. ದ್ವೀಪಗಳ ಕಡೆಯ ವಿಮಾನಗಳಲ್ಲಿ ಹಲವು ಹೊರಡುವುದು ಗ್ಯಾಟ್‌ವಿಕ್‌ನಿಂದ. ಎರಡೂ ಲಂಡನ್ನೇ, ಆದರೆ ನಡುವೆ ಬಸ್ ಹಿಡಿದು ಹೋಗುವಷ್ಟು ದೂರ. ಸಾಮಾನು ಎತ್ತಿಕೊಂಡು ತಪಾಸಣೆ ದಾಟಿ ಹೊರಗೆ ಬರಬೇಕು. ಆಗ ನಿಲ್ದಾಣದ ಒಳಗೇ ಉಳಿಯುವವರ ವೀಸಾ ನಡೆಯುವುದಿಲ್ಲ, ಹೊರಬರಲು ಅನುಮತಿ ಕೊಡುವ ಬೇರೆಯದೇ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ನಮ್ಮ ಸೊಸೈಟಿಯ ಒಂದು ಕುಟುಂಬ ಇದೇ ಸುಳಿಗೆ ಸಿಕ್ಕಿತು. ಏಜೆಂಟ್ ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟ್ ಕೊಡಿಸಿದ್ದ. ನಡುರಾತ್ರಿ ಮುಂಬಯಿ ನಿಲ್ದಾಣದ ಕೌಂಟರಿನಲ್ಲೇ ಅವರನ್ನು ತಡೆದು ವಾಪಸು ಕಳುಹಿಸಿದರು. ಮಕ್ಕಳು ಹೊಸ ಈಜುಡುಗೆಯನ್ನು ಒಳಗೇ ಹಾಕಿಕೊಂಡು ಬಂದಿದ್ದವಂತೆ. ಮರುದಿನ ಕೇಳಿದರೆ ಏಜೆಂಟ್ ಮಹಾಶಯನ ಉತ್ತರ: “ಬಾರ್ಬಡೋಸ್‌ಗೆ ವೀಸಾ ಬೇಡ ಎಂದೆನೇ ಹೊರತು ಲಂಡನ್ನಿಗೆ ಬೇಡ ಎಂದಿರಲಿಲ್ಲವಲ್ಲ!” ನಿಮ್ಮ ಲೇಖನವೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿದೆ. ಪಟ್ಟಿಯಲ್ಲಿ ಡೊಮಿನಿಕಾ ಇರಬೇಕಾದಲ್ಲಿ ಡೊಮಿನಿಕನ್ ರಿಪಬ್ಲಿಕ್ ಎಂದು ಅಚ್ಚಾಗಿದೆ. ಅವು ಎರಡು ಬೇರೆ ದೇಶಗಳು. ಎರಡನೆಯದಕ್ಕೆ ಬರಿಗೈಯಲ್ಲಿ ಹೋದರೆ ಒಳಗೆ ಬಿಡುವುದಿಲ್ಲ.

ಇನ್ನು ದೀಪಾವಳಿ ರಜೆ. ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಅದರ ಅಬ್ಬರ ಹೆಚ್ಚು. ಬೇಸಿಗೆಯ ಬಿಸಿಲನ್ನು ಸಮುದ್ರ ತಿಂಗಳುಗಟ್ಟಲೆ ಕುಡಿದು ಆ ಹೊತ್ತಿಗೆ ಅತ್ಯಂತ ಬೆಚ್ಚಗಾಗಿರುತ್ತದೆ. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಹೊರಟ ಗಾಳಿಯ ಅಲೆಗಳು ಆ ಬೆಚ್ಚನೆಯ ನೀರಿನ ಮೇಲೆ ಸಾಗುತ್ತ ಬಲಿತು ಸುಳಿಗಾಳಿಗಳಾಗಿ ದ್ವೀಪಗಳ ಮೇಲೆ ಬರುತ್ತವೆ. ಏಳನೆಯ ತರಗತಿಯ ಮಕ್ಕಳಿಗೆ ಹೇಳಿಕೊಟ್ಟ ಪಾಠವಿದು. ದೊಡ್ಡವರಿಗೆ ಟಿಕೆಟ್ ಅಗ್ಗವಾಗಿದೆ ಎಂಬುದಷ್ಟೇ ಕಾಣುತ್ತದೆ, ಏಕೆ ಅಗ್ಗವಾಗಿದೆ ಎಂದು ಕೇಳುವವರಿಲ್ಲ. 2025ರ ದೀಪಾವಳಿ ಮುಗಿದ ಮರುವಾರವೇ, ಅಕ್ಟೋಬರ್ 28ರಂದು, ಐದನೆಯ ದರ್ಜೆಯ ಮೆಲಿಸ್ಸಾ ಚಂಡಮಾರುತ ಜಮೈಕಾದ ನೈಋತ್ಯ ತೀರಕ್ಕೆ ಅಪ್ಪಳಿಸಿತು. ಹಬ್ಬದ ದೀಪ ಹಚ್ಚಿಟ್ಟು ಆ ದ್ವೀಪಕ್ಕೆ ಹೊರಟವರ ಪಾಡು ಏನಾಗಿರಬೇಕು?

ಜಮೈಕಾ ದೂರದ ಮಾತಾಯಿತೆಂದರೆ ಮರೀನ್ ಡ್ರೈವ್‌ಗೇ ಬರೋಣ. 2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿರುವ ಕೆನ್ಸಿಂಗ್‌ಟನ್ ಓವಲ್‌ನಲ್ಲಿ ನಮ್ಮವರು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದರು. ಮುಂಬಯಿಯಲ್ಲಿ ಮೆರವಣಿಗೆ ನಡೆದದ್ದು ಜುಲೈ 4ರಂದು. ಅಷ್ಟು ತಡವಾದದ್ದೇಕೆಂದು ನೆನಪಿರುವವರು ಕಡಿಮೆ. ಬೆರಿಲ್ ಚಂಡಮಾರುತದಿಂದ ಬಾರ್ಬಡೋಸ್‌ನ ವಿಮಾನ ನಿಲ್ದಾಣ ಮುಚ್ಚಿತ್ತು. ವಿಶ್ವಕಪ್ ಕೈಯಲ್ಲಿ ಹಿಡಿದ ತಂಡವೇ ಹೋಟೆಲಿನ ಬಾಗಿಲು ಹಾಕಿಕೊಂಡು ಕುಳಿತಿತ್ತು, ಕೊನೆಗೆ ವಿಶೇಷ ವಿಮಾನದಲ್ಲಿ ಮರಳಿತು. ಅದೇ ಬೆರಿಲ್ ಜುಲೈ 1ರಂದು ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕು ದ್ವೀಪವನ್ನು ನುಚ್ಚುನೂರು ಮಾಡಿತು. ಕ್ರಿಕೆಟ್ ಮಂಡಳಿ ಆಟಗಾರರಿಗಾದರೆ ವಿಮಾನ ಕಳುಹಿಸುತ್ತದೆ. ಡೊಂಬಿವಲಿಯ ನಿವೃತ್ತ ಶಿಕ್ಷಕಿಗೆ ಯಾರು ಕಳುಹಿಸುತ್ತಾರೆ?

ಮುಂಬಯಿಯ ಶಾಲೆಗಳಿಗೆ ರಜೆ ಇರುವ ಕಾಲಗಳಲ್ಲಿ ಮೇ ತಿಂಗಳೇ ವಾಸಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಹವೆ ಇನ್ನೂ ಚೆನ್ನ, ಆದರೆ ಅಮೆರಿಕ, ಇಂಗ್ಲೆಂಡಿನವರು ಚಳಿಗೆ ಹೆದರಿ ಅಲ್ಲಿಗೆ ನುಗ್ಗುವುದರಿಂದ ಕೋಣೆಯ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೇ ತಿಂಗಳಿಗೂ ಒಂದು ಕುತ್ತು ಇಲ್ಲದಿಲ್ಲ. ಸಾರ್ಗಾಸಮ್ ಎಂಬ ಕಂದುಬಣ್ಣದ ತೇಲುಪಾಚಿ 2011ರಿಂದೀಚೆಗೆ ಅಟ್ಲಾಂಟಿಕ್‌ನಿಂದ ರಾಶಿರಾಶಿಯಾಗಿ ಬಂದು ದಡಕ್ಕೆ ಬೀಳುತ್ತಿದೆ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಕೊಳೆತಾಗ ಕೆಟ್ಟ ಮೊಟ್ಟೆಯ ವಾಸನೆ. ಆ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ ಎಂದು ಓದಿದ ಮೇಲೆ ಅಕ್ಕ ತನ್ನ ಕಾಲುಂಗುರವನ್ನೇ ನೋಡಿಕೊಂಡಳು. ಪಾರಾಗುವ ಉಪಾಯ ಭೂಪಟದಲ್ಲೇ ಇದೆ. ಅಲ್ಲಿ ವಾಣಿಜ್ಯ ಮಾರುತ ವರ್ಷವಿಡೀ ಪೂರ್ವದ ಕಡೆಯಿಂದ ಬೀಸುತ್ತದೆ. ಆದ್ದರಿಂದ ದ್ವೀಪಗಳ ಪೂರ್ವ ತೀರದಲ್ಲಿ ಅಲೆಯ ಹೊಡೆತ, ಪಾಚಿ ಎರಡೂ ಹೆಚ್ಚು. ಪಶ್ಚಿಮ ತೀರದಲ್ಲಿ ನೀರು ಶಾಂತ. ಬಾರ್ಬಡೋಸ್‌ನ ಪೂರ್ವದ ಬಾತ್‌ಶೀಬಾದಲ್ಲಿ ಅಲೆಯ ಮೇಲೆ ಹಲಗೆ ಹಾಕಿ ಜಾರುವವರು ಸೇರುತ್ತಾರೆ. ನೋಡಲು ಬಲು ಚೆಂದ, ಈಜಲು ಇಳಿದರೆ ಪ್ರಾಣಕ್ಕೆ ಎರವು. ಪಶ್ಚಿಮದ ಹೋಲ್‌ಟೌನ್ ಕಡೆ ಮಕ್ಕಳನ್ನು ನೀರಿಗಿಳಿಸಬಹುದು. ಹೋಟೆಲಿನ ಜಾಹೀರಾತಿನಲ್ಲಿ ‘ಸಮುದ್ರಕ್ಕೆ ಎದುರಾದ ಕೋಣೆ’ ಎಂದಿದ್ದರೆ ಯಾವ ದಿಕ್ಕಿನ ಸಮುದ್ರ ಎಂದು ಕೇಳದೆ ದುಡ್ಡು ಕಟ್ಟಬಾರದು.

ಎಲ್ಲಕ್ಕಿಂತ ಗಂಭೀರವಾದದ್ದು ಹಳದಿ ಜ್ವರದ ಸಂಗತಿ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಹಳದಿ ಜ್ವರದ ಅಪಾಯವಿರುವ ಪ್ರದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಅದರ ಜೋಡಿ ದ್ವೀಪ ಟೊಬೇಗೊ ಇಲ್ಲ. ಅಂಥ ಪ್ರದೇಶ ಬಿಟ್ಟು ಆರು ದಿನಗಳೊಳಗೆ ಭಾರತಕ್ಕೆ ಬರುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಇಲ್ಲಿನ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೋಗುವಾಗ ಯಾರೂ ಕೇಳದೆ ಬರುವಾಗ ನಮ್ಮವರೇ ಹಿಡಿಯುವ ನಿಯಮವಿದು. ಕೆಲವರಿಗೆ ಇದು ಸರ್ಕಾರಿ ಕಿರಿಕಿರಿ ಎನಿಸೀತು. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ದೇಶದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಬೇಕಾದಷ್ಟಿದೆ. ಪ್ರತಿ ಮಳೆಗಾಲದಲ್ಲಿ ಮುಂಬಯಿಗೆ ಡೆಂಗಿ ಹಂಚುವುದೂ ಅದೇ ಸೊಳ್ಳೆ. ಮನೆಮನೆಯ ಕುಂಡದ ತಟ್ಟೆಯಲ್ಲಿ ಅದು ಕಾಯುತ್ತ ಕುಳಿತಿರುವಾಗ ರೋಗಾಣು ಒಂದೇ ಒಂದು ಸಲ ಬಂದಿಳಿದರೂ ಸಾಕು.

ಲಸಿಕೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲೇ ಹಾಕಿಸಿಕೊಂಡು ಹಳದಿ ಪುಸ್ತಿಕೆಯಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಹೊರಡುವ ವಾರ ನೆನಪಾದರೆ ಏನೂ ಪ್ರಯೋಜನವಿಲ್ಲ ಎಂದಾಯಿತು. ನಮಗೆ ತೊಡಕಾದದ್ದು ಅಕ್ಕನ ವಯಸ್ಸು. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಅರುವತ್ತು ದಾಟಿದವರಲ್ಲಿ ತೀವ್ರ ಅಡ್ಡಪರಿಣಾಮ ಅಪರೂಪವಾದರೂ ಕಿರಿಯರಿಗಿಂತ ಹೆಚ್ಚು. ಮೊಟ್ಟೆ ಆಗದವರಿಗೂ ಇದು ತಕ್ಕದ್ದಲ್ಲ, ಏಕೆಂದರೆ ಇದನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಾರೆ. ಇಷ್ಟು ಕೇಳಿದ ಅಕ್ಕ, “ಹಾಗಾದರೆ ನಾನು ಧಾರವಾಡದಲ್ಲೇ ಇರುತ್ತೇನೆ ಬಿಡು, ನೀವು ಹೋಗಿಬನ್ನಿ” ಎಂದು ಮುಖ ಊದಿಸಿಕೊಂಡಳು. ಈ ಪ್ರವಾಸದ ಆಸೆ ಮೊದಲು ಹುಟ್ಟಿದ್ದೇ ಅವಳಿಗೆ.

ದಾರಿ ತೋರಿದ್ದು ದಿನದ ಲೆಕ್ಕ. ನಿಯಮ ಇರುವುದು ಟ್ರಿನಿಡಾಡ್ ಬಿಟ್ಟ ಮೇಲಿನ ಆರು ದಿನಕ್ಕೆ. ಬಾರ್ಬಡೋಸ್ ಮೊದಲು, ಟ್ರಿನಿಡಾಡ್ ಆಮೇಲೆ ಎಂದು ಏಜೆಂಟ್ ಬರೆದುಕೊಟ್ಟಿದ್ದ ಯೋಜನೆಯನ್ನು ತಿರುವಿಹಾಕಿದೆ. ಟ್ರಿನಿಡಾಡ್ ಮೊದಲು ಮುಗಿಸಿ, ಬಾರ್ಬಡೋಸ್‌ನಲ್ಲಿ ವಾರಕ್ಕಿಂತ ಹೆಚ್ಚು ತಂಗಿ ಅಲ್ಲಿಂದ ಮರಳಿದರೆ ಆ ಅವಧಿ ಕಳೆದಿರುತ್ತದೆ. ನಾವು ಉಳಿದವರು ಲಸಿಕೆ ಹಾಕಿಸಿಕೊಳ್ಳುತ್ತೇವೆ, ಅಕ್ಕನ ವಿಚಾರವನ್ನು ಅವಳ ವೈದ್ಯರು ನೋಡಿ ಹೇಳುತ್ತಾರೆ. ಸೊಳ್ಳೆ ಕಚ್ಚದಂತೆ ನೋಡಿಕೊಳ್ಳುವ ಹೊಣೆ ಹೇಗೂ ಇದ್ದೇ ಇದೆ. ಪಾಸ್‌ಪೋರ್ಟಿನ ಮುದ್ರೆಗಳ ತಾರೀಕು, ಬೋರ್ಡಿಂಗ್ ಪಾಸಿನ ತುಂಡು ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಳ್ಳುವ ಕೆಲಸವನ್ನು ಯಜಮಾನರಿಗೆ ವಹಿಸಿದ್ದೇನೆ. ಅವರು ರೈಲ್ವೆಯಲ್ಲಿದ್ದವರು, ಒಂದು ಚೀಟಿಯನ್ನೂ ಬಿಸಾಡುವವರಲ್ಲ.

ನಾಲ್ಕು ದ್ವೀಪಗಳ ಮಾತಿಗೆ ಹೆಚ್ಚು ಹೊತ್ತು ಬೇಡ. ಜಮೈಕಾದಿಂದ ಬಾರ್ಬಡೋಸ್‌ಗೆ ಇರುವ ದೂರ ಮುಂಬಯಿಯಿಂದ ಕೋಲ್ಕತ್ತಾಕ್ಕೆ ಇರುವುದಕ್ಕಿಂತ ಹೆಚ್ಚು. ಒಂದು ದ್ವೀಪದಿಂದ ಇನ್ನೊಂದಕ್ಕೆ ಬಹುಪಾಲು ವಿಮಾನದಲ್ಲೇ ಹೋಗಬೇಕು. ಪ್ರತಿಯೊಂದೂ ಬೇರೆ ದೇಶ, ಬೇರೆ ತಪಾಸಣೆ, ಎಷ್ಟೋ ಕಡೆ ಬೇರೆ ನಾಣ್ಯ. ವಾರಕ್ಕೆ ನಾಲ್ಕು ದ್ವೀಪ ಸುತ್ತಿದವರು ನಾಲ್ಕು ವಿಮಾನ ನಿಲ್ದಾಣಗಳ ಬೆಂಚು ನೋಡಿ ಬರುತ್ತಾರೆ. ಬರೀ ಮರಳು, ತೆಂಗಿನಮರ ಸಾಕು ಎನ್ನುವವರಿಗೆ ಅಷ್ಟು ದೂರದ ಹಂಗೇಕೆ? ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವಕ್ಕೆ ಮುರುಡೇಶ್ವರ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮವರ ಹಳೆಯ ಚಾಳಿ.

ನಾವು ಎರಡೇ ದ್ವೀಪ ಆಯ್ದುಕೊಂಡಿದ್ದೇವೆ. ಟ್ರಿನಿಡಾಡ್ ಅಕ್ಕನ ಆಯ್ಕೆ. ಅದಕ್ಕೆ ಕಾರಣ ಮೈಸೂರು. ಟ್ರಿನಿಡಾಡ್‌ನ ಕ್ಯಾರಪಿಚೈಮಾ ಎಂಬ ಊರಿನಲ್ಲಿ ದಕ್ಷಿಣ ಭಾರತದ ಶೈಲಿಯಲ್ಲಿ ಕಟ್ಟಿದ ದತ್ತಾತ್ರೇಯ ದೇವಸ್ಥಾನವಿದೆ, ಅದರ ಅಂಗಳದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ ದೇವಸ್ಥಾನ ಅದು. ಊಟಿ ರಸ್ತೆಯ ಆ ಆಶ್ರಮಕ್ಕೆ ವರ್ಷವರ್ಷ ಹೋಗಿಬರುವ ಅಕ್ಕ ಅಲ್ಲೇ ಗೋಡೆಯ ಮೇಲೆ ಈ ಹನುಮಂತನ ಚಿತ್ರ ನೋಡಿ ಬಂದಿದ್ದಳು.

ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗೇ ಒಂದು ಮಂದಿರವಿದೆ. ಅದರ ಕಥೆ ಓದಿದ ದಿನ ನನಗೆ ಅಡುಗೆ ಮಾಡುವ ಮನಸ್ಸಾಗಲಿಲ್ಲ. ಸೇವಾದಾಸ್ ಸಾಧು ಎಂಬ ಕಬ್ಬಿನ ಗದ್ದೆಯ ಕೂಲಿಯಾಳು ಸಮುದ್ರದಂಡೆಯಲ್ಲಿ ಮಂದಿರ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು ಎಂದು ಅದನ್ನು ಕೆಡವಿಸಿ ಅವನನ್ನು ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದು ಎಂದು ಅವನು ನೀರಿನಲ್ಲೇ ಕಟ್ಟಲು ಹೊರಟ. ಸೈಕಲ್ಲಿಗೆ ಬಕೆಟ್ ಕಟ್ಟಿಕೊಂಡು ಕಲ್ಲು, ಸಿಮೆಂಟ್ ಸಾಗಿಸಿ ಸುಮಾರು 25 ವರ್ಷ ಒಬ್ಬನೇ ದುಡಿದ. ಈಗ ದಂಡೆಯಿಂದ ಅಲ್ಲಿಗೆ ಕಾಲುದಾರಿ ಇದೆ. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಮೊದಲ ಭಾರತೀಯ ಕರಾರು ಕೂಲಿಗಳನ್ನು ಟ್ರಿನಿಡಾಡ್‌ನಲ್ಲಿ ಇಳಿಸಿತು. 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಹಾಗೆ ಹೋದರು. ಹೆಚ್ಚಿನವರು ಬಿಹಾರ, ಪೂರ್ವ ಉತ್ತರಪ್ರದೇಶದವರು, ಕೆಲವರು ಮದ್ರಾಸ್ ಬಂದರಿನಿಂದ ಹೊರಟವರು. ಮೇ 30 ಅಲ್ಲಿ ಇಂದಿಗೂ ಸರ್ಕಾರಿ ರಜೆ. ಆ ದಿನ ಅಲ್ಲಿರುವಂತೆ ನಮ್ಮ ಟಿಕೆಟ್ ಹೊಂದಿಸಿದ್ದೇವೆ. ಹಾಗೆ ಮಾಡಿದರೆ ಬಾರ್ಬಡೋಸ್‌ನ ದಿನಗಳು ಜೂನ್ ಮೊದಲ ವಾರಗಳಿಗೆ ಜಾರುತ್ತವೆ, ಚಂಡಮಾರುತದ ಕಾಲ ಕಾಗದದ ಮೇಲೆ ಶುರುವಾಗಿರುತ್ತದೆ ಎಂಬುದು ಗೊತ್ತು. ಜೂನ್ ಆರಂಭದಲ್ಲಿ ಆ ಭಾಗಕ್ಕೆ ದೊಡ್ಡ ಚಂಡಮಾರುತ ಬರುವುದು ತೀರ ಅಪರೂಪ. ಆದರೂ ಚಂಡಮಾರುತದಿಂದ ಪ್ರಯಾಣ ರದ್ದಾದರೆ ಹಣ ಕೊಡುವ ವಿಮೆಯನ್ನು, ಷರತ್ತುಗಳ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಓದಿ, ಮಾಡಿಸಿದ್ದೇನೆ.

ಸಸ್ಯಾಹಾರಿಗಳಿಗೆ ಟ್ರಿನಿಡಾಡ್‌ನಲ್ಲಿ ಉಪವಾಸದ ಭಯವಿಲ್ಲ. ಬೀದಿಬದಿಯಲ್ಲಿ ‘ಡಬಲ್ಸ್’ ಸಿಗುತ್ತದೆ. ಅರಿಸಿನ ಹಾಕಿ ಕರಿದ ‘ಬಾರಾ’ ಎಂಬ ಎರಡು ಮೆತ್ತನೆಯ ಪೂರಿಗಳ ನಡುವೆ ಕಾಬೂಲಿ ಕಡಲೆಯ ಪಲ್ಯ, ಮೇಲೆ ಹುಣಸೆ ಚಟ್ನಿ, ಖಾರದ ಗೊಜ್ಜು. ಖಾರವನ್ನು ಕೇಳಿ ಹಾಕಿಸಿಕೊಳ್ಳಬೇಕು, ಅವರ ‘ಸ್ವಲ್ಪ’ ಉತ್ತರ ಕರ್ನಾಟಕದವರಿಗೂ ಕಣ್ಣೀರು ತರಿಸೀತು. ಬಾರ್ಬಡೋಸ್‌ನಲ್ಲಿ ಅಷ್ಟು ಸಲೀಸಿಲ್ಲ. ಅಲ್ಲಿಯ ರಾಷ್ಟ್ರೀಯ ಊಟ ಹಾರುವ ಮೀನು ಮತ್ತು ಕೂಕೂ. ಈ ಕೂಕೂ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ತೊಳಸಿ ಮಾಡಿದ ಮುದ್ದೆಯೇ ಸರಿ. ಮೀನು ಬೇಡವೆಂದರೆ ಮುದ್ದೆ ಉಳಿಯುತ್ತದೆ.

ಬಾರ್ಬಡೋಸ್ ಯಜಮಾನರ ಆಯ್ಕೆ, ಕ್ರಿಕೆಟ್ಟಿಗಾಗಿ. ಹಾಗೆ ನೋಡಿದರೆ ಟ್ರಿನಿಡಾಡ್‌ನಲ್ಲೂ ಅವರಿಗೆ ಕ್ವೀನ್ಸ್ ಪಾರ್ಕ್ ಓವಲ್ ಇದೆ. 1971ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮೊದಲ ಟೆಸ್ಟ್ ಗೆಲುವು ಅಲ್ಲೇ. 1976ರ ಏಪ್ರಿಲ್‌ನಲ್ಲಿ ನಾಲ್ಕನೆಯ ಇನಿಂಗ್ಸಿನಲ್ಲಿ 403 ರನ್ ಬೇಕಿದ್ದಾಗ ನಾಲ್ಕೇ ವಿಕೆಟ್ ಕಳೆದುಕೊಂಡು 406 ಹೊಡೆದದ್ದೂ ಅಲ್ಲೇ. ಮುಂಬಯಿಯವರನ್ನು ಕೇಳಿದರೆ ಗಾವಸ್ಕರ್ 102 ಎನ್ನುತ್ತಾರೆ. ನಮ್ಮ ಮನೆಯಲ್ಲಿ ಭದ್ರಾವತಿಯ ವಿಶ್ವನಾಥ್ 112 ಎಂಬುದು ಮೊದಲು, ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಪಡೆದ ಆರು ವಿಕೆಟ್ ಎರಡನೆಯದು, ಗಾವಸ್ಕರ್ ಆಮೇಲೆ. ಲೋಕಲ್ ಗಾಡಿಯಲ್ಲಿ ಈ ಕ್ರಮಕ್ಕಾಗಿ ಯಜಮಾನರು ಎಷ್ಟು ಜಗಳ ಕಾದಿದ್ದಾರೋ ಲೆಕ್ಕವಿಲ್ಲ. ಆಂಟಿಗಾವನ್ನೂ ಸೇರಿಸೋಣ, 2002ರಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಕುಂಬ್ಳೆ ಲಾರಾ ವಿಕೆಟ್ ಕಿತ್ತ ಮೈದಾನವನ್ನು ನೋಡಲೇಬೇಕು ಎಂದು ಅವರು ಹಟ ಹಿಡಿದರು. ನಾನು ಭೂಪಟ ಮಡಿಸಿಟ್ಟೆ.

ಬಾರ್ಬಡೋಸ್ ಎಷ್ಟು ದೊಡ್ಡದು ಎಂದು ಮೊಮ್ಮಗ ಕೇಳಿದ. ಸುಮಾರು 430 ಚದರ ಕಿಲೋಮೀಟರ್, ಮುಂಬಯಿ ಪಾಲಿಕೆಯ ವ್ಯಾಪ್ತಿಯಷ್ಟೇ. ಜನ ಮೂರು ಲಕ್ಷವೂ ಇಲ್ಲ. ನಮ್ಮ ಕಲ್ಯಾಣ್-ಡೊಂಬಿವಲಿ 2011ರ ಜನಗಣತಿಯಲ್ಲೇ 12 ಲಕ್ಷ ದಾಟಿತ್ತು. ಇಷ್ಟು ಪುಟ್ಟ ನೆಲ ಸೋಬರ್ಸ್, ವೊರೆಲ್, ವೀಕ್ಸ್, ವಾಲ್ಕಾಟ್ ಎಲ್ಲರನ್ನೂ ಹೆತ್ತಿತು. ಅಲ್ಲಿಯ ಐದು ಡಾಲರ್ ನೋಟಿನ ಮೇಲೆ ಫ್ರಾಂಕ್ ವೊರೆಲ್ ಅವರ ಮುಖವಿದೆ. 1962ರಲ್ಲಿ ಅದೇ ಬ್ರಿಜ್‌ಟೌನ್‌ನಲ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಬಡಿದು ಬುರುಡೆ ಬಿರಿದಾಗ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ನಾಯಕ ವೊರೆಲ್ ಕೂಡ ಒಬ್ಬರು. ಆ ನೋಟೊಂದನ್ನು ಖರ್ಚು ಮಾಡದೆ ತರಬೇಕೆಂದು ಯಜಮಾನರು ಈಗಲೇ ಹೇಳಿಟ್ಟಿದ್ದಾರೆ. ಎರಡು ಬಾರ್ಬಡೋಸ್ ಡಾಲರ್ ಸೇರಿದರೆ ಒಂದು ಅಮೆರಿಕನ್ ಡಾಲರ್, ಈ ದರ ಬದಲಾಗುವುದಿಲ್ಲ. ಲೆಕ್ಕ ಸುಲಭ, ಬೆಲೆಗಳು ಸುಲಭವಲ್ಲ. ಬೇಕಾದ್ದೆಲ್ಲ ಹಡಗಿನಲ್ಲಿ ಬರುವ ದ್ವೀಪದಲ್ಲಿ ಹಾಲು, ತರಕಾರಿಗೂ ಮೈ ಸುಡುವ ದರ.

ಸಣ್ಣಪುಟ್ಟ ಸಂಗತಿಗಳೂ ಪತ್ರಿಕೆಯಲ್ಲಿ ಬರಬೇಕು, ಏಕೆಂದರೆ ಸಿಕ್ಕಿಬೀಳುವುದು ಅವುಗಳಲ್ಲೇ. ಫ್ಯಾಷನ್ ಸ್ಟ್ರೀಟಿನಿಂದ ಮೊಮ್ಮಗನಿಗೆ ಅವನ ಅಪ್ಪ ಸೈನಿಕರ ಹಸಿರು-ಕಂದು ಮಚ್ಚೆಯ ಚಡ್ಡಿ, ಟೋಪಿ ತಂದಿದ್ದ. ಬಾರ್ಬಡೋಸ್, ಟ್ರಿನಿಡಾಡ್ ಎರಡರಲ್ಲೂ ಆ ವಿನ್ಯಾಸದ ಬಟ್ಟೆಯನ್ನು ಸೈನಿಕರಲ್ಲದವರು ತೊಡುವುದು ಕಾನೂನಿನ ಪ್ರಕಾರ ಅಪರಾಧ, ಮಕ್ಕಳಿಗೂ ವಿನಾಯಿತಿ ಇಲ್ಲ. ಚಡ್ಡಿ ಈಗ ಡೊಂಬಿವಲಿಯಲ್ಲೇ ಆಟದ ಮೈದಾನಕ್ಕೆ ಹೋಗುತ್ತಿದೆ. ಅಲ್ಲಿಯ ವಿದ್ಯುತ್ 115 ವೋಲ್ಟ್, ನಮ್ಮದರ ಅರ್ಧ. ಅಕ್ಕನ ಬಿಸಿನೀರಿನ ಕೆಟಲ್ ಅಲ್ಲಿ ಕಾಲುಭಾಗದ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ಕಾಫಿ ಕುದಿಯುವಷ್ಟರಲ್ಲಿ ಸಹಸ್ರನಾಮ ಮುಗಿದೀತು. ಇನ್ನು ಕಡಲತೀರದಲ್ಲಿ ಮಾಂಚಿನೀಲ್ ಎಂಬ ಮರವಿದೆ. ಹಸಿರು ಸೇಬಿನಂತೆ ಕಾಣುವ ಅದರ ಕಾಯಿ ಘೋರ ವಿಷ. ಮರದಿಂದ ಒಸರುವ ಹಾಲಿನಂಥ ರಸ ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಳೆ ಬಂದಾಗ ಅದರ ಕೆಳಗೆ ನಿಂತರೂ ಸಾಕು. ಅನೇಕ ಕಡೆ ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿರುತ್ತಾರೆ. ಮಳೆ ಬಂದರೆ ಓಡಿಹೋಗಿ ಮರದಡಿ ನಿಲ್ಲುವ ನಮ್ಮವರಿಗೆ ಇದನ್ನು ಹೇಳದೆ ಬಿಡುವುದು ಅನ್ಯಾಯ.

ಏಜೆಂಟರ ಮೂಲಕ ಪ್ಯಾಕೇಜ್ ಕೊಳ್ಳುವವರಿಗೆ ಒಂದು ಮಾತು. ಬೆಲೆಯ ಮೇಲೆ ಟಿಸಿಎಸ್ ಎಂದು, ಅಂದರೆ ಮಾರುವವರೇ ಮೊದಲೇ ವಸೂಲು ಮಾಡುವ ತೆರಿಗೆ ಎಂದು, ಹಣ ಹಿಡಿಯುತ್ತಾರೆ. ಅದು ಹೋದ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಪಿಂಚಣಿದಾರರು ಇದನ್ನು ಕೇಳಿ ಪಡೆಯದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ನಿಮ್ಮಲ್ಲಿ ಕೋರಿಕೆ ಇಷ್ಟೆ. ಪ್ರವಾಸ ಲೇಖನದ ಕೊನೆಯಲ್ಲಿ ಹೋಟೆಲುಗಳ ಹೊಗಳಿಕೆಗೆ ಕೊಡುವ ಜಾಗದಲ್ಲಿ ನಾಲ್ಕು ಸಾಲು ಕತ್ತರಿಸಿ, ನಡುದಾರಿಯ ವೀಸಾ, ಹವೆಯ ಕಾಲ, ಲಸಿಕೆ ಇವನ್ನು ಅಚ್ಚು ಹಾಕಿಸಿ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ದೇಶದ ಅಧಿಕೃತ ಪ್ರಕಟಣೆಯನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ ಎಂದೂ ಸೇರಿಸಿ. ನಮಗೆ ಈಗ ಉಳಿದಿರುವುದು ವಸತಿ. ಬಾರ್ಬಡೋಸ್‌ನ ಪಶ್ಚಿಮ ತೀರದಲ್ಲಿ, ಮಹಡಿ ಮೆಟ್ಟಿಲಿಲ್ಲದ, ಅಕ್ಕ ಸಾರು-ಅನ್ನ ಮಾಡಿಕೊಳ್ಳಲು ಒಲೆ ಇರುವ ಮನೆ ಬೇಕಾಗಿದೆ. ಅಲ್ಲಿ ತಂಗಿ ಬಂದ ಕನ್ನಡಿಗರಿದ್ದರೆ ಈ ಅಂಕಣಕ್ಕೇ ಬರೆಯಲಿ, ನಮ್ಮಂಥ ಇನ್ನಷ್ಟು ಜನ ಓದುತ್ತಾರೆ. ಏಜೆಂಟರು ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

— ನಿವೃತ್ತ ಭೂಗೋಳ ಶಿಕ್ಷಕಿ, ಡೊಂಬಿವಲಿ ಪೂರ್ವ